ನೀಳವೇಣಿಯಾಗುವ ಆಸೆ

ಭಾನುವಾರ ಬೆಳಗಾಯಿತೆಂದರೆ ಕೊಟ್ಟೂರಿನ ಆ ಮನೆಯಲ್ಲಿ ಒಂದು ರಂಪಾಟ ಇದ್ದದ್ದೇ. ಬಚ್ಚಲಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಬಟ್ಟಲಲ್ಲಿ ಹರಳೆಣ್ಣೆ ಬೆಚ್ಚಗಾಗಿರುತ್ತಿತ್ತು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಹಣಿಗೆ ಹಿಡಿದು ಅಜ್ಜಿ ಕೂತಿರುತ್ತಿದ್ದಳು. ಎದುರಿಗೆ ಬಂದು ಕೂರಬೇಕಾದ ಮೊಮ್ಮಗಳು ಮಾತ್ರ ಅಟ್ಟದ ಮೇಲೋ ಪಕ್ಕದ ಮನೆಯ ಕಣಜದ ಹಿಂದೋ ಅಡಗಿರುತ್ತಿದ್ದಳು. ಅವಳನ್ನು ಹುಡುಕಿ ತಂದು ಕೂರಿಸಿ ಹಣಿಗೆಯ ಮೊದಲ ಎಳೆತ ಬಿದ್ದ ಕೂಡಲೇ ಓಣಿಯ ಕೊನೆಯವರೆಗೂ ಕೇಳುವಂತೆ ಕೂಗು ಏಳುತ್ತಿತ್ತು. "ಇವತ್ತು ಆ ಹುಡುಗಿ ತಲೆ ಎರಕೊಳ್ಳೋ ದಿನ" ಎಂದು ನೆರೆಹೊರೆಯವರು ವಾರ ಲೆಕ್ಕ ಹಾಕುತ್ತಿದ್ದರಂತೆ.

ಹುಡುಗಿಯದು ಗುಂಗುರು ಕೂದಲು. ಅದೂ ತುದಿಯಲ್ಲಿ ಒಂದಿಷ್ಟು ಸುರುಳಿಯಾಗಿ ನಿಲ್ಲುವ ಬಗೆಯದಲ್ಲ. ಬುಡದಿಂದಲೇ ಸ್ಪ್ರಿಂಗಿನಂತೆ ಸುತ್ತಿಕೊಂಡು ಬರುವಂಥದು. ಬಂದದ್ದು ಅಪ್ಪನಿಂದ. ಅಪ್ಪ ಹದಿನೈದು ದಿನಕ್ಕೊಮ್ಮೆ ಕಟಿಂಗ್ ಮಾಡಿಸಿಕೊಂಡು ಬರುತ್ತಿದ್ದರಿಂದ ಅವರ ತಲೆಯ ಬಗ್ಗೆ ಯಾರೂ ಮಾತಾಡಿದ್ದಿಲ್ಲ. ಮಾತಾಡಿದರೂ "ಗುಂಗುರು ಕೂದಲು, ಒಳ್ಳೆ ಕಳೆ" ಅಂದಿರಬಹುದು. ಅದೇ ಕೂದಲು ಮಗಳ ತಲೆ ಏರಿದ ಮೇಲೆ ಮನೆಯವರಿಗೆಲ್ಲ ಚಿಂತೆಯಾಯಿತು. ಇದರಲ್ಲಿ ನ್ಯಾಯವೇನೂ ಇಲ್ಲ. ಕನ್ನಡದ ಹಳೆಯ ಕವಿಗಳಿಂದ ಹಿಡಿದು ಸಿನಿಮಾ ಹಾಡು ಬರೆಯುವವರವರೆಗೆ ಎಲ್ಲರೂ ಹೆಣ್ಣಿನ ಮುಂಗುರುಳನ್ನು ಹೊಗಳಿದವರೇ. ಆದರೆ ಆ ಹೊಗಳಿಕೆಯೆಲ್ಲ ಹಣೆಯ ಮೇಲೆ ಆಡುವ ಒಂದೆರಡು ಎಳೆಗೆ ಮಾತ್ರ. ಇಡೀ ತಲೆ ಗುಂಗುರಾದವಳ ಪಾಡು ಯಾರಿಗೂ ಬೇಕಿಲ್ಲ.

ಹೈಸ್ಕೂಲಿನಲ್ಲಿ ಎರಡು ಜಡೆ ಹೆಣೆದು, ಮಡಿಚಿ, ರಿಬ್ಬನ್ ಕಟ್ಟಿಕೊಂಡು ಬರಬೇಕೆಂಬ ನಿಯಮ. ಎಷ್ಟು ಎಣ್ಣೆ ಮೆತ್ತಿದರೂ ಎರಡನೆಯ ಪಿರಿಯಡ್ ಹೊತ್ತಿಗೆ ಬೈತಲೆಯ ಎರಡೂ ಕಡೆ ಕೂದಲು ಎದ್ದು ನಿಲ್ಲುತ್ತಿತ್ತು. ಹಿಂದಿನ ಬೆಂಚಿನವರು ಅದರೊಳಗೆ ಪೆನ್ಸಿಲ್ ಸಿಕ್ಕಿಸುವುದು, ಅದು ಬೀಳದೆ ನಿಂತರೆ ಕಿಸಕ್ಕೆಂದು ನಗುವುದು. ಕೂಡ್ಲಿಗಿಯಲ್ಲಿ ಪ್ರತಿಭಾ ಕಾರಂಜಿ ನಡೆದಾಗ ಜನಪದ ನೃತ್ಯದ ತಂಡದಲ್ಲಿ ಅವಳೂ ಇದ್ದಳು. ವೇದಿಕೆಯ ಹಿಂದೆ ಎಂಟು ಹುಡುಗಿಯರಿಗೆ ಒಂದೇ ಬಗೆಯ ತುರುಬು ಕಟ್ಟುವಾಗ ಇವಳೊಬ್ಬಳದೇ ನಿಲ್ಲಲಿಲ್ಲ. "ನೀನು ಹಿಂದಿನ ಸಾಲಿಗೆ ಹೋಗವ್ವ" ಅಂದರು ಟೀಚರ್. ಬೈದದ್ದೇನಲ್ಲ, ಅವಸರದಲ್ಲಿ ಅಂದದ್ದು. ವಾಪಸು ಬರುವ ಬಸ್ಸಿನಲ್ಲಿ ಹುಡುಗರು ಅವಳಿಗೊಂದು ಹೆಸರು ಇಟ್ಟರು: ಗುಡೇಕೋಟೆ ಕರಡಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಅಲ್ಲಿನ ಕರಡಿಗಳಿಗೆ ಈ ಹೋಲಿಕೆಯಿಂದ ಬೇಸರವಾಯಿತೋ ಇಲ್ಲವೋ, ಹುಡುಗಿ ಎರಡು ದಿನ ಊಟ ಮಾಡಲಿಲ್ಲ. ಮನೆಯಲ್ಲಿ ಕಾರಣ ಹೇಳಲೂ ಇಲ್ಲ. ತಾಯಿ ಹೊಟ್ಟೆನೋವೆಂದುಕೊಂಡು ಓಮಿನ ಕಷಾಯ ಕುಡಿಸಿದಳು.

ಪಿಯುಸಿ ಮುಗಿಸಿ ಬಿ.ಎಸ್ಸಿ.ಗೆಂದು ದಾವಣಗೆರೆಯ ಹಾಸ್ಟೆಲ್ ಸೇರಿದ ಮೇಲೆ ಅವಳಿಗೊಂದು ಹೊಸ ವಿಷಯ ಗೊತ್ತಾಯಿತು. ತನ್ನ ಕೋಣೆಯ ಇಬ್ಬರು ಹುಡುಗಿಯರ ನೀಳ ಕೂದಲು ಹುಟ್ಟಿನಿಂದ ಬಂದದ್ದಲ್ಲ, ದುಡ್ಡು ಕೊಟ್ಟು ಮಾಡಿಸಿದ್ದು. ಸ್ಟ್ರೈಟನಿಂಗ್, ಸ್ಮೂತನಿಂಗ್, ಕೆರಾಟಿನ್ ಎಂದು ಅದರಲ್ಲಿ ನಾನಾ ಹೆಸರು, ನಾನಾ ದರ. ವಿದ್ಯಾರ್ಥಿವೇತನದ ಹಣದಲ್ಲಿ ಸ್ವಲ್ಪ, ಹಬ್ಬಕ್ಕೆ ಹೂವಿನಹಡಗಲಿಯ ಚಿಕ್ಕಮ್ಮ ಕೊಟ್ಟದ್ದರಲ್ಲಿ ಸ್ವಲ್ಪ ಉಳಿಸಿ, ಎರಡನೆಯ ವರ್ಷದ ಚಳಿಗಾಲದಲ್ಲಿ ಅವಳು ನಾಲ್ಕೂವರೆ ಸಾವಿರ ಕೂಡಿಹಾಕಿದಳು. ಮನೆಗೆ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೆಂದು ಓದುವ ಅಪ್ಪ ಅಮ್ಮಂದಿರಿಗೇ ಗೊತ್ತು.

ಪಾರ್ಲರಿನಲ್ಲಿ ಅವಳ ತಲೆ ಮುಟ್ಟಿದವಳು ಹಗರಿಬೊಮ್ಮನಹಳ್ಳಿ ಕಡೆಯ ಹೆಣ್ಣುಮಗಳು. ಮಾತಿನಲ್ಲೇ ಇಬ್ಬರಿಗೂ ಊರು ತಿಳಿದು, "ನೀ ಕೊಟ್ಟೂರಾಕಿ ಏನು? ಹಂಗಾದ್ರೆ ನಮ್ಮಾಕೀನ ಬಿಡು" ಎಂದು ನಕ್ಕಳು. ಮೊದಲು ಕೇಳಿದ್ದು ಮೆಹಂದಿಯ ಬಗ್ಗೆ. "ಪ್ಯಾಕೆಟ್ ಮೆಹಂದಿ ಏನಾದ್ರೂ ಹಚ್ಚೀಯೇನು? ಹಚ್ಚಿದ್ರೆ ಈಗಲೇ ಹೇಳು. ಕೆಲವದರಾಗ ಲೋಹದ ಉಪ್ಪು ಇರ್ತತಿ, ಈ ಕೆಮಿಕಲ್ ಜೋಡಿ ಸೇರಿದ್ರೆ ಕೂದಲು ಸುಟ್ಟು ಹೊಕ್ಕತಿ." ಆಮೇಲೆ ಕಿವಿಯ ಹಿಂದಿನ ಒಂದು ಎಳೆಯ ಮೇಲೆ ಮಾತ್ರ ಕ್ರೀಮು ಹಚ್ಚಿ ನೋಡಿದಳು. ಎಲ್ಲ ಕಡೆಯೂ ಇಷ್ಟು ಮಾಡುವುದಿಲ್ಲ. ಕೊನೆಗೊಂದು ಮಾತು ಹೇಳಿದಳು: "ಇರೋ ಕೂದಲನ್ನ ನೆಟ್ಟಗೆ ಮಾಡಬಲ್ಲೆ ತಂಗಿ. ಹುಟ್ಟೋ ಕೂದಲು ನನ್ನ ಕೈಯಾಗ ಇಲ್ಲ." ಹುಡುಗಿ ತಲೆಯಾಡಿಸಿದಳು. ಆಗ ಅವಳಿಗೆ ಏನು ಹೇಳಿದ್ದರೂ ತಲೆಯಾಡಿಸುತ್ತಿದ್ದಳು.

ಐದು ಗಂಟೆ ಹಿಡಿಯಿತು. ತಲೆ ತೊಳೆದರು, ಒಣಗಿಸಿದರು, ಬಾಗ ಬಾಗ ಮಾಡಿ ಕ್ಲಿಪ್ಪು ಹಾಕಿ ಬಿಳಿ ಕ್ರೀಮು ಬಳಿದರು. ಕೊಳೆತ ಮೊಟ್ಟೆಗೂ ಅಮೋನಿಯಾಕ್ಕೂ ನಡುವಿನ ಒಂದು ವಾಸನೆ. ಕನ್ನಡಿಯ ಮುಂದೆ ಸುಮ್ಮನೆ ಕೂತಾಗ ಅವಳಿಗೆ ಪಿಯುಸಿಯ ರಸಾಯನಶಾಸ್ತ್ರದ ಪಾಠ ನೆನಪಾಯಿತಂತೆ. ಕೂದಲೆಂದರೆ ಹೆಚ್ಚಿನ ಪಾಲು ಕೆರಾಟಿನ್ ಎಂಬ ಪ್ರೋಟೀನು. ಅದರ ಉದ್ದುದ್ದ ಸರಪಳಿಗಳನ್ನು ಅಲ್ಲಲ್ಲಿ ಗಂಧಕದ ಪರಮಾಣುಗಳ ಜೋಡಿ ಬಿಗಿದು ಹಿಡಿದಿರುತ್ತದೆ. ಅದೇ ಡೈಸಲ್ಫೈಡ್ ಬಂಧ; ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ. ಏಣಿಯ ಅಡ್ಡಪಟ್ಟಿಗಳ ಹಾಗೆ. ಕ್ರೀಮಿನಲ್ಲಿರುವ ಥಯೋಗ್ಲೈಕೋಲೇಟ್ ಎಂಬ ರಾಸಾಯನಿಕ ಈ ಅಡ್ಡಪಟ್ಟಿಗಳನ್ನು ಮುರಿಯುತ್ತದೆ. ಕೂದಲು ತನ್ನ ಆಕಾರ ಮರೆತು ಮೆತ್ತಗಾಗುತ್ತದೆ. ಆಗ ಅದನ್ನು ತೊಳೆದು, ಒಣಗಿಸಿ, 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಪಟ್ಟಿಗಳ ನಡುವೆ ಎಳೆದು ನೆಟ್ಟಗೆ ಮಾಡುತ್ತಾರೆ. ಬಳಿಕ ಹೈಡ್ರೋಜನ್ ಪೆರಾಕ್ಸೈಡ್ ಇರುವ ಇನ್ನೊಂದು ದ್ರಾವಣ ಹಚ್ಚಿದರೆ ಮುರಿದ ಬಂಧಗಳು ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಎಲ್ಲವೂ ಕೂಡುವುದಿಲ್ಲ, ಕೆಲವು ಹಾಗೇ ಉಳಿಯುತ್ತವೆ. ಮುಂದೆ ಕೂದಲು ತುಂಡಾಗುವುದು ಅಲ್ಲಿಂದಲೇ. ಕುತೂಹಲದ ಸಂಗತಿಯೆಂದರೆ, ಕೂದಲಿನ ಆಕಾರ ಬದಲಿಸುವ ಈ ಬಗೆಯ ವಿದ್ಯೆ ಶುರುವಾದದ್ದು ನೇರ ಕೂದಲನ್ನು ಗುಂಗುರು ಮಾಡುವ ಆಸೆಯಿಂದ. ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ 1906ರ ಸುಮಾರಿಗೆ ಲಂಡನ್ನಿನಲ್ಲಿ ಬಿಸಿ ಕಬ್ಬಿಣ, ರಾಸಾಯನಿಕ ಬಳಸಿ ಗುಂಗುರು ಮಾಡಿ ತೋರಿಸಿದ. ಅವನ ಮೊದಲ ಪ್ರಯೋಗಗಳು ನಡೆದದ್ದು ಹೆಂಡತಿಯ ತಲೆಯ ಮೇಲೆ. ಆಕೆಯ ಕೂದಲು ಸುಟ್ಟಿತು.

ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸಿಗೆ ಕೆರಾಟಿನ್ ಮಾಡುತ್ತಿದ್ದರು. ಇಸ್ತ್ರಿ ಎಳೆದಾಗಲೆಲ್ಲ ಹೊಗೆ ಏಳುತ್ತಿತ್ತು. ಹುಡುಗಿಯ ಕಣ್ಣು ಉರಿಯತೊಡಗಿತು. ಆ ವಾಸನೆ ಅವಳಿಗೆ ಪರಿಚಯದ್ದೇ: ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಇಟ್ಟಿರುವ ಗಾಜಿನ ಜಾಡಿಯದು. ಫಾರ್ಮಲಿನ್. ಆ ದಿನ ಅವಳು ಏನೂ ಮಾತಾಡಲಿಲ್ಲ, ಆದರೆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಓದಿದಳು. ವಿಜ್ಞಾನದ ವಿದ್ಯಾರ್ಥಿ ಓದಬೇಕಾದ್ದು ಹಿಂದಿನ ರಾತ್ರಿ, ಇರಲಿ.

ಅವಳು ಓದಿದ್ದಿಷ್ಟು. ಕೂದಲು ನಯವಾಗಿಸುವ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ತೀರ್ಮಾನಿಸಿದೆ. ಅಪಾಯ ವರ್ಷಕ್ಕೊಮ್ಮೆ ಬಂದು ಕೂರುವವಳಿಗಿಂತ ದಿನವಿಡೀ ಆ ಹೊಗೆಯಲ್ಲಿ ನಿಂತು ದುಡಿಯುವವಳಿಗೆ ಹೆಚ್ಚು. ಫಾರ್ಮಾಲ್ಡಿಹೈಡ್ ಬೇಡವೆಂದು ಕೆಲವು ತಯಾರಕರು ಗ್ಲೈಆಕ್ಸಿಲಿಕ್ ಆಮ್ಲ ಬಳಸತೊಡಗಿದರು. ಅದರ ಕಥೆಯೂ ಸುಖದ್ದಲ್ಲ. ಒಬ್ಬ ಯುವತಿಗೆ ಸ್ಟ್ರೈಟನಿಂಗ್ ಮಾಡಿಸಿಕೊಂಡಾಗಲೆಲ್ಲ, ಒಟ್ಟು ಮೂರು ಸಲ, ಮೂತ್ರಪಿಂಡಕ್ಕೆ ಪೆಟ್ಟಾದದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದರು. ಅದೇ ಕ್ರೀಮನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದಾಗ ಮೂತ್ರಪಿಂಡದಲ್ಲಿ ಹರಳುಗಳು ಕಂಡವು. ಅಮೆರಿಕದಲ್ಲಿ 33,497 ಮಹಿಳೆಯರನ್ನು ಹತ್ತಿರ ಹತ್ತಿರ 11 ವರ್ಷ ಗಮನಿಸಿ 2022ರಲ್ಲಿ ಹೊರಬಂದ ಅಧ್ಯಯನವೊಂದು, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಇಂಥ ವಸ್ತುಗಳನ್ನು ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗೂ ಹೆಚ್ಚು ಎಂದಿತು. ಎರಡು ಪಟ್ಟು ಎಂದರೆ ಎದೆ ಝಲ್ಲೆನ್ನುತ್ತದೆ. ಲೆಕ್ಕ ಹೀಗಿದೆ: ಎಂದೂ ಬಳಸದವರಲ್ಲಿ 70ನೆಯ ವಯಸ್ಸಿನೊಳಗೆ ನೂರಕ್ಕೆ 1.64, ಪದೇ ಪದೇ ಬಳಸಿದವರಲ್ಲಿ 4.05. ಇದರಿಂದಲೇ ಅದು ಬಂತೆಂದು ಅಧ್ಯಯನ ಸಾಬೀತು ಮಾಡಿಲ್ಲ. ಎರಡೂ ಜೊತೆಗೆ ಕಂಡುಬಂದಿವೆ ಎಂದಷ್ಟೇ ಹೇಳಿದೆ. ಒಂದು ಸಲ ಮಾಡಿಸಿದವರು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಹಾಗೆಂದು "ಏನೂ ಆಗಲ್ಲ" ಎನ್ನುವ ಜಾಹೀರಾತನ್ನು ನಂಬಬೇಕಾಗಿಯೂ ಇಲ್ಲ.

ಮೂರು ದಿನ ತಲೆಗೆ ನೀರು ಮುಟ್ಟಿಸುವಂತಿರಲಿಲ್ಲ, ಕೂದಲು ಕಟ್ಟುವಂತಿರಲಿಲ್ಲ, ಕಿವಿಯ ಹಿಂದೆ ಸಿಕ್ಕಿಸುವಂತೆಯೂ ಇರಲಿಲ್ಲ. ನಾಲ್ಕನೆಯ ದಿನ ತಲೆ ತೊಳೆದು ಕನ್ನಡಿ ನೋಡಿಕೊಂಡಾಗ ಅವಳಿಗಾದ ಸಂತೋಷವನ್ನು ಅಲ್ಲಗಳೆದು ಬರೆದರೆ ಅದು ಸುಳ್ಳಾಗುತ್ತದೆ. ಭುಜದವರೆಗೆ ಇದ್ದ ಕೂದಲು ನಡುವಿನ ಹತ್ತಿರ ಇಳಿದಿತ್ತು. ಹಣಿಗೆ ಇಟ್ಟರೆ ನೀರಿನಲ್ಲಿ ಇಳಿದಂತೆ ಇಳಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ನೋವಿಲ್ಲದೆ ತಲೆ ಬಾಚಿಕೊಂಡಿದ್ದಳು. ತರಗತಿಯಲ್ಲಿ ಮೂರನೆಯ ಸಾಲಿನಿಂದ ಮೊದಲ ಸಾಲಿಗೆ ಬಂದು ಕೂತಳು. ಯಾರೂ ಕರೆದದ್ದಲ್ಲ, ತಾನೇ ಬಂದಳು.

ಕೊಟ್ಟೂರೇಶ್ವರನ ತೇರಿಗೆ ಊರಿಗೆ ಹೋದಾಗ ಅಸಲು ಪರೀಕ್ಷೆ. ಬಸ್ ನಿಲ್ದಾಣಕ್ಕೆ ಬಂದ ಅಪ್ಪ ಮಗಳನ್ನು ದಾಟಿ ಮುಂದೆ ಹೋಗಿಬಿಟ್ಟರು. ಕೂಗಿದ ಮೇಲೆ ತಿರುಗಿ ನೋಡಿ, "ಏನವ್ವಾ ಇದು" ಎಂದು ತಮ್ಮ ತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ಮತ್ತೇನೂ ಹೇಳಲಿಲ್ಲ. ತಾಯಿ ಮಾತ್ರ ಬೆಚ್ಚಿಬಿದ್ದಳು. ಅವಳ ಭಯಕ್ಕೆ ಕಾರಣವಿತ್ತು. 2018ರಲ್ಲಿ ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದ ಹುಡುಗಿಯೊಬ್ಬಳು ಸ್ಟ್ರೈಟನಿಂಗ್ ಮಾಡಿಸಿಕೊಂಡ ಮೇಲೆ ಕೂದಲು ಉದುರಿ, ಕುಗ್ಗಿ, ಕೊನೆಗೆ ಜೀವವನ್ನೇ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಒಂದು ಸಾವಿಗೆ ಒಂದೇ ಕಾರಣ ಹಚ್ಚುವುದು ಸರಿಯಲ್ಲ. ಆದರೆ ಆ ಸುದ್ದಿ ಓದಿದ ತಾಯಂದಿರು ಅದನ್ನು ಮರೆತಿಲ್ಲ. ರಾತ್ರಿ ಮಗಳ ಪಕ್ಕ ಮಲಗಿ, "ಉದುರಿದ್ರೆ ಉದುರಲಿ, ನನಗೆ ಹೇಳದ ಮಾತ್ರ ಇರಬ್ಯಾಡ" ಅಂದಳಂತೆ. ಕರಡಿಯ ಕಥೆ ಹೊರಬಂದದ್ದು ಆ ರಾತ್ರಿ, ಐದು ವರ್ಷ ತಡವಾಗಿ. ಓಮಿನ ಕಷಾಯ ನೆನೆದು ತಾಯಿ ಮಗಳಿಬ್ಬರೂ ನಕ್ಕರು. ಆಮೇಲೆ ತಾಯಿ ಅತ್ತಳು.

ಅಜ್ಜಿಯದು ಬೇರೆ ರೀತಿ. ತೇರಿನ ದಿನ ಹಡಗಲಿಯ ಚಿಕ್ಕಮ್ಮ ಬುಟ್ಟಿಯ ತುಂಬ ಮಲ್ಲಿಗೆ ತಂದಿದ್ದಳು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ ವರ್ಷಗಳಾದವು. ಆ ಸೀಮೆಯ ಹೆಂಗಸರಿಗೆ ಅದರ ಮಾನ್ಯತೆ ಅದಕ್ಕೂ ಮೊದಲೇ ಗೊತ್ತು. ಅಜ್ಜಿ ಮೊಳ ಮಾಲೆ ಎತ್ತಿ ಮೊಮ್ಮಗಳಿಗೆ ಮುಡಿಸಿದಳು. ಜಾರಿ ಬಿತ್ತು. ಪಿನ್ನು ಚುಚ್ಚಿ ಮುಡಿಸಿದಳು. ತೇರುಬೀದಿ ಮುಟ್ಟುವುದರೊಳಗೆ ಪಿನ್ನು ಸಮೇತ ಜಾರಿತು. ಹಿಂದೆ ಆ ತಲೆಗೆ ಪಿನ್ನೇ ಬೇಕಿರಲಿಲ್ಲ. ಮಾಲೆ ಇಟ್ಟರೆ ಸಾಕು, ಕೂದಲೇ ಹಿಡಿದುಕೊಳ್ಳುತ್ತಿತ್ತು. ಅಜ್ಜಿ ಬೈಯಲಿಲ್ಲ. ಬಿದ್ದ ಮಾಲೆಯನ್ನು ಎತ್ತಿ ತನ್ನ ತುರುಬಿಗೆ ಸುತ್ತಿಕೊಂಡು ನಡೆದಳು.

ಎರಡು ತಿಂಗಳು ಕಳೆಯಿತು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಅದರ ಬುಡವಿರುವ ಚರ್ಮದೊಳಗಿನ ಕುಳಿ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲೇ ಹೊರಬರುತ್ತದೆ. ನೇರ ಕುಳಿಯಿಂದ ನೇರ ಕೂದಲು, ಬಾಗಿದ ಕುಳಿಯಿಂದ ಗುಂಗುರು. ಯಾವ ಕ್ರೀಮೂ ಅಲ್ಲಿಗೆ ಇಳಿದು ಅದನ್ನು ತಿದ್ದಲಾರದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಊರುಗಳಿಗೆ ಹೀಗೆ ಸರ್ಕಾರಿ ಆದೇಶ ಸಾಕು, ಕೂದಲಿಗೆ ಸಾಲದು. ಹುಡುಗಿಯ ತಲೆಯಲ್ಲಿ ಈಗ ಮೇಲೆ ಒಂದು ಅಂಗುಲ ಗುಂಗುರು, ಕೆಳಗೆಲ್ಲ ನೇರ. ಎರಡೂ ಸೇರುವ ಗಡಿಯಲ್ಲಿ ಎಳೆ ತುಂಡಾಗತೊಡಗಿತು. ದಿಂಬಿನ ಮೇಲೆ ಕೂದಲು ಬೀಳುತ್ತಿತ್ತು. ಬೇರುಸಹಿತ ಅಲ್ಲ, ನಡುವೆ ಮುರಿದ ತುಂಡುಗಳು. ಟಚ್ ಅಪ್ ಮಾಡಿಸಿದರೆ ಮತ್ತೆ ಎರಡು ಸಾವಿರ, ಆರು ತಿಂಗಳಿಗೆ ಇನ್ನೊಂದು ಸಲ. ಲೆಕ್ಕ ಹಾಕಿದರೆ ಒಂದು ಸೆಮಿಸ್ಟರಿನ ಪುಸ್ತಕದ ಖರ್ಚು ದಾಟಿತು.

ಬೇಸಿಗೆ ರಜೆಗೆ ಬಂದಾಗ ಭಾನುವಾರ ಅವಳೇ ಹೋಗಿ ಅಜ್ಜಿಯ ಮುಂದೆ ಕೂತಳು. ಅಜ್ಜಿ ಮುರಿದ ಎಳೆಗಳನ್ನು ಬೆರಳಲ್ಲಿ ಸವರಿ, "ನನ್ನ ಹಣಿಗೆಗೆ ಹೆದರಿ ಮಾಡಿಸಿಕೊಂಡೀ ಏನು?" ಎಂದು ಕೇಳಿದಳು. ಅರ್ಧ ಹೌದು ಅಂದಳು ಹುಡುಗಿ. "ಅಷ್ಟು ಜಗ್ಗಿ ಜಗ್ಗಿ ಯಾಕ ಬಾಚತಿದ್ದಿ ಅಜ್ಜೀ?"

ಅಜ್ಜಿಯ ತವರು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅವಳಿಗೆ ಹತ್ತೋ ಹನ್ನೊಂದೋ ಆಗಿದ್ದಾಗ ಶೇಂಗಾ ಆಯಲು ಜೊತೆಗೆ ಬರುತ್ತಿದ್ದ ದಲಿತ ಕೇರಿಯ ಗೆಳತಿಯೊಬ್ಬಳಿದ್ದಳು. ಅವಳದೂ ಗುಂಗುರು ಕೂದಲು. ಎಣ್ಣೆಗೆ ಗತಿಯಿಲ್ಲ, ಬಾಚುವವರಿಗೆ ಪುರುಸೊತ್ತಿಲ್ಲ. ಸಿಕ್ಕು ಗಂಟಾಗಿ, ಗಂಟು ಹಗ್ಗದಂತೆ ಜಡೆಗಟ್ಟಿತು. "ಅಮ್ಮ ಬಂದಾಳ" ಎಂದು ಹಿರಿಯರು ಕೈಮುಗಿದರು. ಅದಕ್ಕೆ ಹಣಿಗೆ ಹಚ್ಚುವಂತಿಲ್ಲ, ಕತ್ತರಿ ಮುಟ್ಟಿಸುವಂತಿಲ್ಲ. ಒಂದು ಹುಣ್ಣಿಮೆಗೆ ಕರೆದುಕೊಂಡು ಹೋಗಿ ಮುತ್ತು ಕಟ್ಟಿಸಿದರು. ಆಮೇಲೆ ಅವಳು ಶೇಂಗಾ ಹೊಲಕ್ಕೆ ಬರಲಿಲ್ಲ. ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಬಡವರ ಮನೆಯ ಹೆಣ್ಣುಮಕ್ಕಳು ಹೀಗೆಯೇ ದೇವದಾಸಿಯರಾದರು. ದೇವರಿಗೆ ಬಿಡುವ ಈ ಪದ್ಧತಿಯನ್ನು ನಿಷೇಧಿಸಿ ರಾಜ್ಯ ಸರ್ಕಾರ ಕಾಯ್ದೆ ಮಾಡಿದ್ದು 1982ರಲ್ಲಿ. ಅಜ್ಜಿಗೆ ಕಾಯ್ದೆ ಗೊತ್ತಿರಲಿಲ್ಲ. ತನ್ನ ಮನೆಯ ಮಗುವಿಗೆ ಯಾರೂ ಮುತ್ತು ಕಟ್ಟುವುದಿಲ್ಲ ಎಂದು ಗೊತ್ತಿತ್ತು. ಆದರೂ ಮೊಮ್ಮಗಳ ತಲೆಯಲ್ಲಿ ಒಂದು ಸಿಕ್ಕು ಕಂಡರೆ ಅವಳ ಕೈ ತಾನಾಗಿ ಹಣಿಗೆ ಹುಡುಕುತ್ತಿತ್ತು.

"ಎಣ್ಣಿ, ಹಣಿಗಿ ಇದ್ದಿದ್ರೆ ಆಕಿ ಬದುಕೂ ಬ್ಯಾರೆ ಇರ್ತಿತ್ತೇನೋ" ಅಂದಳು ಅಜ್ಜಿ.

ಹುಡುಗಿಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ಹತ್ತು ವರ್ಷ ತನ್ನನ್ನು ಅಳಿಸಿದ ಭಾನುವಾರಗಳ ಹಿಂದೆ ಇಂಥದ್ದೊಂದು ಇತ್ತೆಂದು ಅವಳಿಗೆ ಹೇಗೆ ತಿಳಿಯಬೇಕು? ಯಾರಾದರೂ ಹೇಳಿದ್ದರೆ ತಾನೆ.

ಈಗ ಅವಳು ಅಜ್ಜಿಗೆ ಒಂದು ಪಾಠ ಮಾಡಿದಳು. ಗುಂಗುರು ಕೂದಲನ್ನು ಒಣಗಿದ ಮೇಲೆ ಬಾಚಬಾರದು. ಒದ್ದೆ ಇದ್ದಾಗ, ಕಂಡೀಷನರ್ ಹಚ್ಚಿ ಜಾರುವಂತೆ ಮಾಡಿಕೊಂಡು, ಅಗಲ ಹಲ್ಲಿನ ಹಣಿಗೆಯಲ್ಲಿ ಬಾಚಬೇಕು. ಬುಡದಿಂದ ಕೆಳಗೆ ಎಳೆಯಬಾರದು. ತುದಿಯ ಸಿಕ್ಕು ಮೊದಲು ಬಿಡಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಬೇಕು. ದಿನಾ ಬಾಚಬೇಕಿಲ್ಲ. ಟವೆಲಿನಿಂದ ತಿಕ್ಕದೆ ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದರೆ ಸಾಕು. "ಇಷ್ಟೇ ಏನು?" ಅಂದಳು ಅಜ್ಜಿ, ಅನುಮಾನದಿಂದ. ಅರವತ್ತು ವರ್ಷದ ಅಭ್ಯಾಸ, ಮೇಲಿನಿಂದಲೇ ಶುರು ಮಾಡಿದಳು. ಹುಡುಗಿ "ಹಾಯ್" ಎಂದು ಚೀರಿದಳು. ಓಣಿಯಲ್ಲಿ ಯಾರೋ ನಕ್ಕರು.

ಬರುವ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲಿ ಸೋದರಮಾವನ ಮಗಳ ಮದುವೆ. ಅದಕ್ಕೆ ಮುಂಚೆ ಟಚ್ ಅಪ್ ಮಾಡಿಸುವುದೋ, ಕೆಳಗಿನ ನೇರ ಕೂದಲನ್ನು ಕತ್ತರಿಸಿಬಿಡುವುದೋ ಹುಡುಗಿ ಇನ್ನೂ ತೀರ್ಮಾನಿಸಿಲ್ಲ. ಕತ್ತರಿಸಿದರೆ ಕೂದಲು ಕಿವಿಯವರೆಗೂ ಬರುವುದಿಲ್ಲ, ಮದುವೆ ಮನೆಯಲ್ಲಿ ನೂರು ಜನ ನೂರು ಮಾತಾಡುತ್ತಾರೆ. ಮಾಡಿಸಿದರೆ ಮುರಿದ ಎಳೆಗಳ ಮೇಲೆ ಮತ್ತೆ ಕ್ರೀಮು. ತಾಯಿ ಈ ಸಲ ಬೇಡ ಎಂದೂ ಹೇಳಿಲ್ಲ, ಮಾಡಿಸು ಎಂದೂ ಹೇಳಿಲ್ಲ. ಪಾರ್ಲರಿಗೆ ಹೋಗುವುದಾದರೆ ತಾನೂ ಜೊತೆಗೆ ಬರುತ್ತೇನೆ, ಆ ಡಬ್ಬಿಯ ಮೇಲೆ ಏನು ಬರೆದಿದೆ ಓದಿ ಹೇಳು ಅಂದಿದ್ದಾಳೆ. ಅಜ್ಜಿ ಮಾತ್ರ ಹಡಗಲಿಗೆ ಫೋನ್ ಹಚ್ಚಿಸಿ, ಮದುವೆಗೆ ಮಲ್ಲಿಗೆ ತರುವಾಗ ಪಿನ್ನಿನ ಪ್ಯಾಕೆಟ್ಟೂ ಒಂದು ಇರಲಿ, ಬೇಕಾದರೂ ಆಗಬಹುದು ಎಂದು ಹೇಳಿಟ್ಟಿದ್ದಾಳೆ.